ಉಣ್ಣೆಯ ಜಾಗದಲ್ಲಿ ತಂತಿ: ಮಣಿ ಸೇರಿಸಿ ಮನೆಗೆ ಸಿಂಗಾರ ಹೆಣೆಯುವ ಬಗೆ

ಹೈದರಾಬಾದಿನ ಅಮೀರ್‌ಪೇಟ್‌ನ ನಮ್ಮ ಮನೆಯ ಕಿಟಕಿಯಲ್ಲಿ ಒಂದು ಗಾಜಿನ ಲೋಟ ಇದೆ. ಅದರ ಸುತ್ತ ತಾಮ್ರದ ತಂತಿಯ ಜಾಳಿಗೆ, ನಡುನಡುವೆ ಜೇನುಬಣ್ಣದ ಮಣಿ. ಸಂಜೆ ಒಳಗೊಂದು ಪುಟ್ಟ ದೀಪ ಇಟ್ಟರೆ ಕುಣಿಕೆಗಳ ನೆರಳೆಲ್ಲ ಗೋಡೆಗೆ ಬರುತ್ತದೆ. ನಮ್ಮ ಕಡೆಯಿಂದ, ಎಂದರೆ ಬೀದರ್, ಕಲಬುರಗಿಯಿಂದ ಬಂದ ನೆಂಟರು ಅದನ್ನು ಕೈಗೆತ್ತಿಕೊಂಡು ನೋಡುತ್ತಾರೆ. "ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ನಾನೇ ಹೆಣೆದದ್ದು ಎಂದರೆ, "ತಂತಿ ಹೆಂಗ ಹೆಣೀತೀರಿ? ಕೈ ಕೊಯ್ಯಂಗಿಲ್ಲೇನು?" ಎನ್ನುತ್ತಾರೆ.

ಕೈ ಕೊಯ್ಯುವುದಿಲ್ಲ. ಸ್ವೆಟರ್ ಹೆಣೆಯಲು ಬಂದರೆ ಇದೂ ಬರುತ್ತದೆ, ಬಾರದಿದ್ದರೂ ಒಂದು ವಾರದಲ್ಲಿ ಕಲಿಯಬಹುದು. ಆದರೆ ತಂತಿಯ ಸ್ವಭಾವ ಬೇರೆ. ಅದನ್ನು ಮೊದಲು ತಿಳಿದುಕೊಂಡರೆ ತಂತಿಯೂ ಉಳಿಯುತ್ತದೆ, ಬೇಸರವೂ ತಪ್ಪುತ್ತದೆ.

ಉಣ್ಣೆಯ ಹೆಣಿಗೆಯಲ್ಲಿ ಎರಡು ಕಡ್ಡಿ, ಒಂದು ನೂಲು. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತಾ ಹೋಗುತ್ತೇವೆ. ಇಲ್ಲಿಯೂ ಅದೇ ಕೆಲಸ. ನೂಲಿನ ಬದಲು ತೆಳುವಾದ ಮೆತ್ತನೆ ತಂತಿ ಇರುತ್ತದೆ. ಹೆಣೆದದ್ದು ಬಟ್ಟೆಯಂತೆ ಜೋಲುವುದಿಲ್ಲ, ನಿಲ್ಲಿಸಿದ ಹಾಗೆ ನಿಲ್ಲುತ್ತದೆ. ಲೋಟದ ಮೇಲೆ ಒತ್ತಿದರೆ ಲೋಟದ ಆಕಾರ, ಬಟ್ಟಲಿನ ಮೇಲೆ ಒತ್ತಿದರೆ ಬಟ್ಟಲಿನ ಆಕಾರ ಹಿಡಿಯುತ್ತದೆ. ಮನೆಯ ಅಲಂಕಾರಕ್ಕೆ ಇದು ಇಷ್ಟು ಒಗ್ಗುವುದು ಈ ಗುಣದಿಂದಲೇ. ದೀಪದ ಹೊದಿಕೆ, ಬಾಗಿಲ ತೋರಣ, ಹೂದಾನಿಯ ಸುತ್ತುಪಟ್ಟಿ, ಒಣಹಣ್ಣು ಇಡುವ ಪುಟ್ಟ ಬುಟ್ಟಿ, ಎಲ್ಲವನ್ನೂ ಮಾಡಬಹುದು.

ಇದು ವಿದೇಶದಿಂದ ಬಂದ ಹೊಸ ಹವ್ಯಾಸ ಎಂದು ಕೆಲವರು ತಿಳಿಯುತ್ತಾರೆ. ನಮ್ಮ ಸೀಮೆಗೆ ತಂತಿಯ ಕೆಲಸ ಹೊಸದಲ್ಲ. ಬೀದರಿನ ಬಿದರಿ ಪಾತ್ರೆಗಳಲ್ಲಿ ಕಪ್ಪು ಲೋಹಕ್ಕೆ ಬೆಳ್ಳಿ ತಂತಿ ಕೂರಿಸುವ ಕೆಲಸಕ್ಕೆ ತಾರಕಶಿ ಎಂದೇ ಹೆಸರು. ಇತ್ತ ತೆಲಂಗಾಣದ ಕರೀಂನಗರದಲ್ಲಿ ಬೆಳ್ಳಿ ತಂತಿಯನ್ನು ಎಳೆಎಳೆಯಾಗಿ ಹೊಸೆದು ಅತ್ತರುದಾನಿ, ತಟ್ಟೆ ಮಾಡುತ್ತಾರೆ. ಇನ್ನು ತಂತಿಯನ್ನು ಹೆಣೆಯುವುದಕ್ಕೆ ಬಂದರೆ, ಹೆಣೆದ ತಂತಿಯ ಸರಕ್ಕೆ ಇಂಗ್ಲಿಷಿನಲ್ಲಿ ಟ್ರಿಚಿನೊಪೊಲಿ ಎಂಬ ಹೆಸರಿದೆ. ತಮಿಳುನಾಡಿನ ತಿರುಚಿರಾಪಳ್ಳಿಯ ಸರಗಳಿಂದ ಬಂದ ಹೆಸರು ಅದು. 1774ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ 9ನೆಯ ಶತಮಾನದ ಒಂದು ನಿಧಿ ಸಿಕ್ಕಿತು. ಅದರಲ್ಲಿ ಬೆಳ್ಳಿ ತಂತಿ ಹೆಣೆದು ಮಾಡಿದ ಚಾಟಿಯೊಂದಿತ್ತು. ಅದನ್ನು ವಿವರಿಸುವಾಗಲೂ ವಿದ್ವಾಂಸರು ಬಳಸುವುದು ಇದೇ ತಮಿಳು ಊರಿನ ಹೆಸರನ್ನು.

ಹತ್ತಿರದ ಕಾಲದಲ್ಲಿ ಈ ಕೆಲಸವನ್ನು ಕಲೆಯ ಮಟ್ಟಕ್ಕೆ ಒಯ್ದವರು ಅಮೆರಿಕದ ರೂತ್ ಅಸಾವಾ. 1947ರಲ್ಲಿ ಅವರು ಮೆಕ್ಸಿಕೋದ ಟೊಲೂಕಾಕ್ಕೆ ಹೋಗಿದ್ದರು. ಅಲ್ಲಿ ಮೊಟ್ಟೆ ಇಡಲು ಜನ ತಂತಿಯ ಬುಟ್ಟಿ ಹೆಣೆಯುತ್ತಿದ್ದರು. ಆ ಕುಣಿಕೆಯನ್ನು ಅಸಾವಾ ಅಲ್ಲಿನ ಜನರಿಂದ ಕಲಿತರು. ಆಮೇಲೆ ಅದೇ ಕುಣಿಕೆಯಿಂದ ಆಳೆತ್ತರದ ತೂಗುಶಿಲ್ಪಗಳನ್ನು ಮಾಡಿದರು. ಇಂದು ಅವು ದೊಡ್ಡ ಮ್ಯೂಸಿಯಂಗಳಲ್ಲಿ ತೂಗುತ್ತಿವೆ. ನಮ್ಮ ತಾಯಂದಿರು ಬಣ್ಣದ ಪ್ಲಾಸ್ಟಿಕ್ ವೈರಿನಲ್ಲಿ ತರಕಾರಿ ಬುಟ್ಟಿ ಹೆಣೆದವರು. ಗಾಜಿನ ಮಣಿ ಪೋಣಿಸಿ ಬಾಗಿಲಿಗೆ ತೋರಣ ಕಟ್ಟಿದವರು. ಆ ಎರಡು ಕೈಗೆಲಸ ಕೂಡಿದರೆ ಅದೇ ಈ ಹೆಣಿಗೆ ಎಂದು ನನಗೆ ಅನಿಸುತ್ತದೆ.

ಈಗ ತಂತಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಅರ್ಧ ಕೆಲಸ ಇಲ್ಲೇ ಇದೆ.

ತಂತಿಯ ದಪ್ಪವನ್ನು ಗೇಜ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಹೆಚ್ಚಾದಷ್ಟೂ ತಂತಿ ಸಣ್ಣ. ನಮ್ಮ ಅಂಗಡಿಗಳಲ್ಲಿ ನಡೆಯುವ ಲೆಕ್ಕದಲ್ಲಿ 26 ಗೇಜ್ ಎಂದರೆ ಸುಮಾರು 0.46 ಮಿಲಿಮೀಟರ್, 28 ಎಂದರೆ 0.38, 30 ಎಂದರೆ 0.32. ಹೆಣಿಗೆಗೆ ಹೇಳಿ ಮಾಡಿಸಿದ್ದು 28. 30 ಇನ್ನೂ ಮೆತ್ತಗೆ, ಆದರೆ ಬೇಗ ತುಂಡಾಗುತ್ತದೆ. 26ರಲ್ಲಿ ಹೆಣೆದರೆ ಬೆರಳು ನೋಯುತ್ತದೆ. ಬುಟ್ಟಿಯ ಬಾಯಿಗೆ, ತೋರಣದ ಮೇಲಿನ ಸರಳಿಗೆ ಗಟ್ಟಿ ಆಧಾರ ಬೇಕು. ಅದಕ್ಕೆ 16 ಗೇಜಿನ ಅಲ್ಯೂಮಿನಿಯಂ ತಂತಿ ಆಗುತ್ತದೆ, ಹಳೆಯ ಲೋಹದ ಬಳೆಯೂ ಆಗುತ್ತದೆ.

ಲೋಹ ಯಾವುದು? ತಾಮ್ರ. ಹಿತ್ತಾಳೆ ತಂತಿ ಗಡಸು, ಹೊಸಬರಿಗೆ ಬೇಡ. ಕಟ್ಟಡದವರು ಸರಳು ಕಟ್ಟುವ ಬೈಂಡಿಂಗ್ ವೈರ್ ಅಗ್ಗ, ಆದರೆ ತುಕ್ಕು ಹಿಡಿದು ಗೋಡೆಗೂ ಕಲೆ ಮಾಡುತ್ತದೆ. ತಾಮ್ರದಲ್ಲಿಯೂ ಎರಡು ಬಗೆ. ಒಂದು ಬರಿಯ ತಾಮ್ರ, ಅದು ಕೆಲವು ತಿಂಗಳಲ್ಲಿ ಕಂದುತ್ತದೆ. ಇನ್ನೊಂದು ಎನಾಮಲ್ ತಂತಿ. ಎನಾಮಲ್ ಎಂದರೆ ತಂತಿಯ ಮೇಲಿನ ತೆಳುವಾದ ವಾರ್ನಿಷ್‌ನಂಥ ಲೇಪ. ಫ್ಯಾನು, ಪಂಪ್‌ಸೆಟ್‌ಗಳ ಮೋಟಾರಿಗೆ ಸುತ್ತುವುದು ಇದನ್ನೇ. ಅಂಗಡಿಯಲ್ಲಿ ವೈಂಡಿಂಗ್ ವೈರ್ ಎಂದು ಕೇಳಿ. ಲೇಪ ಇರುವುದರಿಂದ ಬಣ್ಣ ಬಹಳ ದಿನ ಮಾಸುವುದಿಲ್ಲ. ತೆಳು ಹೊಂಬಣ್ಣದಿಂದ ಗಾಢ ಕೆಂಗಂದಿನವರೆಗೆ ಬೇರೆ ಬೇರೆ ಛಾಯೆ ಸಿಗುತ್ತದೆ.

ಕರಕುಶಲದ ಅಂಗಡಿಗಳಲ್ಲಿ ಬಣ್ಣಬಣ್ಣದ ತಂತಿಯ ಪುಟ್ಟ ಸುರುಳಿಗಳೂ ಇವೆ. ಚಂದ ಇವೆ, ಆದರೆ ಹತ್ತಿಪ್ಪತ್ತು ಮೀಟರಿಗೆ ಕೊಡುವ ಹಣ ನೋಡಿದರೆ ದುಬಾರಿ. ವೈಂಡಿಂಗ್ ವೈರ್ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಇಲ್ಲೊಂದು ನೆನಪಿಡಲು ಸುಲಭವಾದ ಲೆಕ್ಕವಿದೆ. 28 ಗೇಜಿನ ತಾಮ್ರದ ತಂತಿ 1 ಮೀಟರಿಗೆ ಹೆಚ್ಚುಕಡಿಮೆ 1 ಗ್ರಾಂ ತೂಗುತ್ತದೆ. ತಾಮ್ರದ ದರ ಏರಿಳಿಯುತ್ತಲೇ ಇರುತ್ತದೆ. ಕಿಲೋಗೆ ಸಾವಿರ ರೂಪಾಯಿ ಎಂದು ಹಿಡಿದರೆ 1 ಮೀಟರಿಗೆ 1 ರೂಪಾಯಿ ಬೀಳುತ್ತದೆ. ಅಂದಿನ ದರ ಕೇಳಿ, ನಿಮ್ಮ ಕೆಲಸಕ್ಕೆ ಎಷ್ಟು ಮೀಟರ್ ಬೇಕು ನೋಡಿ, ಖರ್ಚನ್ನು ಅಂಗಡಿಯಲ್ಲಿ ನಿಂತಲ್ಲೇ ಹೇಳಬಹುದು. ಸುಟ್ಟ ಮೋಟಾರಿನಿಂದ ಬಿಚ್ಚಿದ ಹಳೆಯ ತಂತಿ ಪುಕ್ಕಟೆ ಸಿಕ್ಕರೂ ಬೇಡ. ಅದರ ಲೇಪ ಬಿರುಕು ಬಿಟ್ಟಿರುತ್ತದೆ, ಮುಟ್ಟಿದಲ್ಲೆಲ್ಲ ಉದುರುತ್ತದೆ.

ಮಣಿಗೂ ಅಳತೆ ಇದೆ. ಸಣ್ಣ ಗಾಜಿನ ಮಣಿಗಳಲ್ಲಿ 11 ನಂಬರ್ ಎಂದರೆ ಸುಮಾರು 2 ಮಿಲಿಮೀಟರ್, 8 ಎಂದರೆ 3, 6 ಎಂದರೆ 4. ಇಲ್ಲಿಯೂ ನಂಬರ್ ಇಳಿದಂತೆ ಮಣಿ ದಪ್ಪ. ಶುರುವಿಗೆ 8 ನಂಬರ್ ತಗೊಳ್ಳಿ. ಸಾದಾ ಗಾಜಿನ ಮಣಿ ಉತ್ತರ ಪ್ರದೇಶದ ಕಡೆಯಿಂದ ಬರುವುದುಂಟು. ಅದರಲ್ಲಿ ಒಂದೇ ಪೊಟ್ಟಣದೊಳಗೆ ಗಾತ್ರ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಕೆಲವಕ್ಕೆ ತೂತು ಮುಚ್ಚಿರುತ್ತದೆ. ಜಪಾನಿನ ಮಣಿ ಒಂದೇ ಸಮ ಇರುತ್ತದೆ, ಬೆಲೆ ಹಲವು ಪಟ್ಟು. ತಂತಿಯ ಜಾಳಿಗೆಗೆ ಅಷ್ಟು ಸಮ ಬೇಕಿಲ್ಲ. ಸ್ವಲ್ಪ ಏರುಪೇರು ಇದ್ದರೆ ಬೆಳಕು ಚೆನ್ನಾಗಿ ಒಡೆಯುತ್ತದೆ ಎಂಬುದು ನನ್ನ ಅನುಭವ. ದೊಡ್ಡ ತೋರಣಕ್ಕೆ ಗಾಜು ಭಾರವಾಗುತ್ತದೆ. ಅದಕ್ಕೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ ಬಳಸಿ ನೋಡಿ. ತೂಕ ಕಡಿಮೆ, ಬಣ್ಣ ತುಂಬು.

ಉಳಿದ ಸಾಮಾನು ಕಡಿಮೆ. 4 ಮಿಲಿಮೀಟರಿನ ಲೋಹದ ಒಂದು ಜೊತೆ ಹೆಣಿಗೆ ಕಡ್ಡಿ. ಮರದ್ದು, ಪ್ಲಾಸ್ಟಿಕ್ಕಿನದು ಬೇಡ, ತಂತಿ ಅದರ ಮೇಲೆ ಗೀರು ಹಾಕುತ್ತದೆ. ಒಂದು ಸ್ಟೀಲಿನ ಕ್ರೋಶಾ ಕಡ್ಡಿ. ತಂತಿ ಕತ್ತರಿಸಲು ಸಣ್ಣ ಕಟಿಂಗ್ ಪ್ಲೇಯರ್. ಕತ್ತರಿಯಲ್ಲಿ ಕತ್ತರಿಸಿದರೆ ಕತ್ತರಿ ಹಾಳು.

ಇನ್ನು ಮಾಡುವ ಬಗೆ. ನಮ್ಮ ಕಿಟಕಿಯ ಲೋಟದ ಅಳತೆಯನ್ನೇ ಕೊಡುತ್ತೇನೆ. ಎತ್ತರ 10 ಸೆಂಟಿಮೀಟರ್, ಸುತ್ತಳತೆ 24. ಇದಕ್ಕೆ 28 ಗೇಜಿನ ತಂತಿ ಸುಮಾರು 20 ಮೀಟರ್ ಹಿಡಿಯುತ್ತದೆ. ಕೈ ಸಡಿಲ ಇರುವವರಿಗೆ ಹೆಚ್ಚು ಬೇಕಾದೀತು, 25 ಇಟ್ಟುಕೊಳ್ಳಿ. ಮಣಿ 150, ಮೇಲೆ ಇಪ್ಪತ್ತು.

ಎಲ್ಲರಿಗೂ ಬರುವ ಮೊದಲ ಅನುಮಾನ ಒಂದೇ: ಹೆಣೆಯುವಾಗ ನಡುವೆ ಮಣಿ ಹೇಗೆ ಸೇರಿಸುವುದು? ನಡುವೆ ಸೇರಿಸುವುದಲ್ಲ. ಶುರು ಮಾಡುವ ಮುಂಚೆಯೇ ಎಲ್ಲ ಮಣಿಯನ್ನೂ ತಂತಿಗೆ ಪೋಣಿಸಿಬಿಡಬೇಕು. ಇದಕ್ಕೆ ಸೂಜಿ ಬೇಡ, ತಂತಿಯ ತುದಿಯೇ ಸೂಜಿ. ಮಣಿಯನ್ನು ಅಗಲವಾದ ಬಟ್ಟಲಿಗೆ ಸುರಿದು, ತಂತಿಯ ತುದಿಯಿಂದ ಗೋರುತ್ತಾ ಹೋದರೆ ಒಂದು ಸಲಕ್ಕೆ ನಾಲ್ಕೈದು ಏರುತ್ತವೆ. ಪೋಣಿಸಿದ ಮಣಿಗಳನ್ನು ಸುರುಳಿಯ ಕಡೆಗೆ ತಳ್ಳಿ. ಬೇಕಾದಾಗ ಒಂದೊಂದೇ ಜರುಗಿಸಿ ತರಬೇಕು. ಎರಡು ಬಣ್ಣದ ಮಣಿ ಹಾಕುವುದಾದರೆ ಕೊನೆಗೆ ಬೇಕಾದದ್ದನ್ನು ಮೊದಲು ಪೋಣಿಸಿ, ಮೊದಲು ಬೇಕಾದದ್ದನ್ನು ಕೊನೆಗೆ. ಕಸೂತಿಯಲ್ಲಿ ಎಳೆ ಎಣಿಸುವವರಿಗೆ ಈ ಲೆಕ್ಕ ಹೊಸದೆನಿಸುವುದಿಲ್ಲ.

ತಂತಿಯ ಸುರುಳಿಯನ್ನು ಎತ್ತರದ ಸ್ಟೀಲ್ ಡಬ್ಬಿಯೊಳಗೆ ಇಡಿ. ನೆಲದ ಮೇಲೆ ಬಿಟ್ಟರೆ ಸುರುಳಿ ಬಿಚ್ಚಿ ಸಿಕ್ಕಾಗುತ್ತದೆ. ಉಣ್ಣೆಯ ಸಿಕ್ಕು ಬಿಡಿಸಬಹುದು, ತಂತಿಯ ಸಿಕ್ಕು ಬಿಡಿಸಿದರೂ ಅದರ ಮಡಿಕೆ ಹೋಗುವುದಿಲ್ಲ.

ಶುರುವಿಗೆ ತಂತಿಯನ್ನು ಬೆರಳಿಗೆ ಸುತ್ತಿ ಕುಣಿಕೆ ಮಾಡಿ ಕಡ್ಡಿಗೆ ಏರಿಸಿ. ಹೀಗೆ 16 ಕುಣಿಕೆ, ಪಟ್ಟಿಯ ಅಗಲ ಲೋಟದ ಎತ್ತರಕ್ಕೆ ಸರಿಯಾಗುತ್ತದೆ. ಎಲ್ಲವೂ ಸಡಿಲವಾಗಿರಲಿ, ಕಡ್ಡಿಯ ಮೇಲೆ ತಾವಾಗಿ ಜಾರುವಷ್ಟು. ಆಮೇಲೆ ಎಲ್ಲ ಸಾಲನ್ನೂ ಸೀದಾ ಹೆಣೆಯಿರಿ, ಉಲ್ಟಾ ಬೇಡ. ಮೊದಲ ಎರಡು ಸಾಲು ನೋಡಲು ಅಂದಗೇಡಿಯಾಗಿಯೇ ಇರುತ್ತವೆ. ಎಲ್ಲರದೂ ಹಾಗೆಯೇ, ಧೈರ್ಯಗೆಡಬೇಡಿ. ನಾಲ್ಕನೆಯ ಸಾಲಿನ ಹೊತ್ತಿಗೆ ಜಾಳಿಗೆ ರೂಪ ತಳೆಯುತ್ತದೆ.

ಮೂರನೆಯ ಸಾಲಿನಿಂದ ಮಣಿ. ಮೂರು ಕುಣಿಕೆ ಹೆಣೆದು, ಒಂದು ಮಣಿಯನ್ನು ಕಡ್ಡಿಯ ಹತ್ತಿರಕ್ಕೆ ಜರುಗಿಸಿ, ಮುಂದಿನ ಕುಣಿಕೆ ಹೆಣೆಯಿರಿ. ಮಣಿ ಎರಡು ಕುಣಿಕೆಗಳ ನಡುವೆ ಕೂತುಬಿಡುತ್ತದೆ. ಸೀದಾ ಹೆಣಿಗೆಯಲ್ಲಿ ತಂತಿ ಹಿಂದುಗಡೆ ಇರುವುದರಿಂದ ಮಣಿ ಕೂರುವುದೂ ಹಿಂದೆ, ಎಂದರೆ ನಿಮಗೆ ಆಚೆ ಬದಿಗೆ. ಆದ್ದರಿಂದ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಮಾತ್ರ ಮಣಿ ಹಾಕಿ. ಆಗ ಎಲ್ಲ ಮಣಿಯೂ ಒಂದೇ ಮುಖದಲ್ಲಿ ಬರುತ್ತವೆ. ನನ್ನ ಮೊದಲ ಪಟ್ಟಿಯಲ್ಲಿ ನಾನು ಇದನ್ನು ಗಮನಿಸಿರಲಿಲ್ಲ. ಅರ್ಧ ಮಣಿ ಆಚೆ, ಅರ್ಧ ಮಣಿ ಈಚೆ ಬಂದು, ಲೋಟದ ಮೇಲೆ ಅದು ಸರಿಯಾಗಿ ಕೂರಲೇ ಇಲ್ಲ.

ತಂತಿಯನ್ನು ಎಳೆಯಬೇಡಿ. ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ. ಉಣ್ಣೆ ಎಳೆದರೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ತಾಮ್ರ ಹಾಗಲ್ಲ. ಬಾಗಿಸಿದಷ್ಟೂ ಅದು ಗಡಸಾಗುತ್ತಾ ಹೋಗುತ್ತದೆ, ಕೊನೆಗೆ ಪಟ್ಟನೆ ಮುರಿಯುತ್ತದೆ. ತಪ್ಪಾಯಿತೆಂದು ಬಿಚ್ಚಿ ಅದೇ ತಂತಿಯಲ್ಲಿ ಮತ್ತೆ ಹೆಣೆದರೆ ಮುರಿಯುವುದು ಖಂಡಿತ. ಸಣ್ಣ ತಪ್ಪಿದ್ದರೆ ಹಾಗೆಯೇ ಮುಂದುವರಿಯಿರಿ, ಜಾಳಿಗೆಯಲ್ಲಿ ಅದು ಕಾಣುವುದಿಲ್ಲ. ಹೆಣೆಯುವಾಗ ತಂತಿಯಲ್ಲಿ ಪುಟ್ಟ ಸುತ್ತು ಬಿದ್ದರೆ ಕೆಲಸ ನಿಲ್ಲಿಸಿ, ಬೆರಳಿನಿಂದ ಅದನ್ನು ಅಗಲಿಸಿ ನೇರ ಮಾಡಿ. ಎಳೆದು ಬಿಡಿಸಲು ಹೋದರೆ ಅಲ್ಲಿಯೇ ತುಂಡಾಗುತ್ತದೆ.

ತುಂಡಾದರೂ ಕೆಲಸ ಕೆಡುವುದಿಲ್ಲ. ಹೊಸ ತಂತಿಗೆ ಮಣಿ ಪೋಣಿಸಿಕೊಂಡು, ಹಳೆಯ ತುದಿ ಮತ್ತು ಹೊಸ ತುದಿಯನ್ನು ಎರಡು ಸೆಂಟಿಮೀಟರ್ ಜೊತೆಯಾಗಿ ಹೊಸೆಯಿರಿ. ಸಾಲಿನ ಅಂಚಿನಲ್ಲಿ ಜೋಡಿಸಿದರೆ ಗೊತ್ತಾಗುವುದಿಲ್ಲ. ಚುಚ್ಚುವ ತುದಿಯನ್ನು ಒಳಕ್ಕೆ ಮಡಚಿ ಒತ್ತಿಬಿಡಿ.

ಸುಮಾರು 60 ಸಾಲಿಗೆ ಪಟ್ಟಿ ಲೋಟದ ಸುತ್ತಳತೆಗೆ ಬರುತ್ತದೆ. ಸಾಲಿನ ಲೆಕ್ಕಕ್ಕಿಂತ ಲೋಟಕ್ಕೆ ಸುತ್ತಿ ನೋಡುವುದೇ ಸರಿ. ಒಂದು ಸೆಂಟಿಮೀಟರ್ ಕಡಿಮೆ ಇರುವಾಗಲೇ ನಿಲ್ಲಿಸಿ, ಮೆಲ್ಲಗೆ ಹಿಗ್ಗಿಸಿದರೆ ಬಿಗಿಯಾಗಿ ಕೂರುತ್ತದೆ. ಕೊನೆಯ ಸಾಲನ್ನು ಮುಚ್ಚುವ ತೊಂದರೆ ತೆಗೆದುಕೊಳ್ಳಬೇಡಿ. ತಂತಿಯನ್ನು ಅರ್ಧ ಮೀಟರ್ ಬಿಟ್ಟು ಕತ್ತರಿಸಿ. ಆ ತುದಿಯನ್ನು ಕಡ್ಡಿಯ ಮೇಲಿರುವ ಒಂದು ಕುಣಿಕೆಗೆ, ಆಮೇಲೆ ಮೊದಲ ಸಾಲಿನ ಒಂದು ಕುಣಿಕೆಗೆ, ಹೀಗೆ ಹೊಲಿಗೆಯ ಹಾಗೆ ದಾಟಿಸುತ್ತಾ ಬನ್ನಿ. ಪಟ್ಟಿ ಕೊಳವೆಯಾಗುತ್ತದೆ. ಲೋಟಕ್ಕೆ ತೊಡಿಸಿ, ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ಹೊಸಬರಿಗೆ ಒಂದು ಸಾಲಿಗೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ದಿನಕ್ಕೆ ಒಂದು ಗಂಟೆ ಕೂತರೆ ಒಂದು ವಾರದ ಕೆಲಸ. ಅದಕ್ಕಿಂತ ಹೆಚ್ಚು ಹೊತ್ತು ಕೂರಬೇಡಿ, ತೋರುಬೆರಳಿನ ತುದಿ ಉರಿಯುತ್ತದೆ. ಉರಿದರೆ ಔಷಧಿ ಅಂಗಡಿಯ ಕಾಗದದ ಅಂಟುಪಟ್ಟಿ ಸುತ್ತಿಕೊಳ್ಳಿ.

ಎರಡು ಕಡ್ಡಿ ಒಗ್ಗದವರು ಕ್ರೋಶಾ ಕಡ್ಡಿಯಲ್ಲಿ ಬರೀ ಸರಪಳಿ ಹೆಣೆಯಬಹುದು. ಪ್ರತಿ ಮೂರನೆಯ ಕೊಂಡಿಗೆ ಒಂದು ಮಣಿ. ಇಂಥ ಉದ್ದನೆಯ ಸರಪಳಿಗಳನ್ನು ಗಟ್ಟಿ ತಂತಿಗೆ ಇಳಿಬಿಟ್ಟರೆ ಅದೇ ತೋರಣ. ನಮ್ಮ ಎದುರಿನ ಹಾಸ್ಟೆಲಿನಲ್ಲಿ ಕೋಚಿಂಗ್‌ಗೆ ಬಂದ, ಬೀದರ್ ಕಡೆಯ ಔರಾದಿನ ಹುಡುಗಿಯೊಬ್ಬಳು ಒಂದೇ ಭಾನುವಾರದಲ್ಲಿ ಇದನ್ನು ಕಲಿತಳು. ದೀಪಾವಳಿಗೆ ಊರಿಗೆ ಹೋಗುವಾಗ ಬಾಗಿಲಿಗಾಗುವಷ್ಟು ತೋರಣ ಅವಳ ಬ್ಯಾಗಿನಲ್ಲಿತ್ತು.

ಕರೆಂಟು ಮತ್ತು ಬೆಂಕಿಯ ಬಗ್ಗೆ ಎರಡು ಎಚ್ಚರಿಕೆ. ತಾಮ್ರದಲ್ಲಿ ಕರೆಂಟು ಹರಿಯುತ್ತದೆ. ಹೆಣಿಗೆಯೊಳಗೆ ದೀಪದ ಸರ ಇಡುವುದಾದರೆ ಬ್ಯಾಟರಿಯ ಎಲ್‌ಇಡಿ ಸರ ಮಾತ್ರ ಇಡಿ. ಪ್ಲಗ್ಗಿಗೆ ಹಾಕುವ ಬಲ್ಬಿನ ಹೋಲ್ಡರಿಗೆ ಈ ಜಾಳಿಗೆ ಸುತ್ತಬೇಡಿ. ತಂತಿಗೆ ಲೇಪ ಇದೆಯಲ್ಲ ಎಂದು ನಂಬಬೇಡಿ, ಹೆಣೆಯುವಾಗ ಅಲ್ಲಲ್ಲಿ ಅದು ಕೆರೆದುಹೋಗಿರುತ್ತದೆ. ಮೇಣದ ದೀಪವಾದರೆ ಗಾಜಿನ ಒಳಗೆ ಇರಲಿ, ಜಾಳಿಗೆ ಗಾಜಿನ ಹೊರಗೆ ಇರಲಿ. ಉರಿ ತಗುಲಿದರೆ ಲೇಪ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ತಂತಿ ಕತ್ತರಿಸುವಾಗ ತುಂಡು ಹಾರುತ್ತದೆ, ಕಣ್ಣಿಗೆ ಕನ್ನಡಕ ಇರಲಿ, ತುಂಡಿನ ಕಡೆಗೆ ಬೆರಳು ಅಡ್ಡ ಹಿಡಿಯಿರಿ. ತೆವಳುವ ಮಗು ಮನೆಯಲ್ಲಿದ್ದರೆ ಮಣಿಯ ಕೆಲಸವನ್ನು ಮಂಚದ ಮೇಲೆ ದೊಡ್ಡ ತಟ್ಟೆ ಇಟ್ಟುಕೊಂಡು ಮಾಡಿ.

ಸಾಮಾನು ಎಲ್ಲಿ ಸಿಗುತ್ತದೆ? ಅಮೀರ್‌ಪೇಟ್ ಎಂದರೆ ಮೈತ್ರಿವನಂ ಸುತ್ತಲ ಕೋಚಿಂಗ್ ಬೋರ್ಡುಗಳು ಮಾತ್ರ ನೆನಪಾಗುತ್ತವೆ. ಆದರೆ ಕೆಂಪು ಮತ್ತು ನೀಲಿ, ಎರಡೂ ಮೆಟ್ರೋ ಮಾರ್ಗ ಕೂಡುವುದು ಇಲ್ಲಿಯೇ. ಹಾಗಾಗಿ ಊರಿನ ಎಲ್ಲ ಹಳೆಯ ಪೇಟೆಗಳೂ ನಮಗೆ ಹತ್ತಿರ. ತಂತಿಗೆ ಕೆಂಪು ಮಾರ್ಗ ಹಿಡಿದು ಉಸ್ಮಾನಿಯಾ ಮೆಡಿಕಲ್ ಕಾಲೇಜ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಕೋಠಿಯ ಟ್ರೂಪ್ ಬಜಾರ್ ಸಮೀಪ, ಅದು ಎಲೆಕ್ಟ್ರಿಕಲ್ ಸಾಮಾನಿನ ಪೇಟೆ. ಅಲ್ಲಿ ಆಗದಿದ್ದರೆ ಸಿಕಂದರಾಬಾದಿನ ರಾಣಿಗಂಜ್. ಮನೆಯ ಹತ್ತಿರ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿ ಇದ್ದರೆ ಅಲ್ಲಿಯೇ ನೂರು ಗ್ರಾಂ ಕೇಳಿ ನೋಡಿ. ಮಣಿಗೆ ಬೇಗಂ ಬಜಾರ್, ಇಲ್ಲವೇ ಚಾರ್ಮಿನಾರ್ ಪಕ್ಕದ ಲಾಡ್ ಬಜಾರ್. ಬಳೆಯ ಓಣಿಯಾದ್ದರಿಂದ ಬುಟ್ಟಿಯ ಬಾಯಿಗೆ ಬೇಕಾದ ಲೋಹದ ಬಳೆಯೂ ಅಲ್ಲಿ ಸಿಗುತ್ತದೆ. ಕಡ್ಡಿ, ಕ್ರೋಶಾ, ಲೇಸಿಗೆ ಸಿಕಂದರಾಬಾದಿನ ಜನರಲ್ ಬಜಾರ್. ನೀಲಿ ಮಾರ್ಗದಲ್ಲಿ ಪ್ಯಾರಡೈಸ್ ನಿಲ್ದಾಣಕ್ಕೆ ಹೋಗಿ ಆಟೋ ಹಿಡಿಯಿರಿ.

ಹೊಸದಾಗಿ ಇಲ್ಲಿಗೆ ಬಂದವರಿಗೆ ಮಾತಿನ ತೊಂದರೆ ಇರುತ್ತದೆ. ಮಣಿಗೆ ತೆಲುಗಿನಲ್ಲಿ ಪೂಸಲು, ಹಳೆಯ ಪೇಟೆಯ ಹಿಂದಿಯಲ್ಲಿ ಮೋತಿ. ತಂತಿಗೆ ತೆಲುಗಿನಲ್ಲಿ ತೀಗ, ಹಿಂದಿಯಲ್ಲಿ ತಾರ್. ಮೋತಿ ಎಂದರೆ ಮುತ್ತು ಎಂದೂ ಅರ್ಥ. ಮುತ್ತಿನ ಊರಾದ ಹೈದರಾಬಾದಿನಲ್ಲಿ ಬರೀ ಮೋತಿ ಎಂದರೆ ಮುತ್ತಿನ ಅಂಗಡಿಗೆ ದಾರಿ ತೋರಿಸುತ್ತಾರೆ, ಗಾಜಿನ ಮೋತಿ ಎಂದು ಬಿಡಿಸಿ ಹೇಳಿ. ಬೆಂಗಳೂರಿನವರಿಗೆ ಮಣಿಗೆ ಮಾಮೂಲ್‌ಪೇಟೆ, ತಂತಿಗೆ ಎಸ್.ಪಿ. ರಸ್ತೆ.

ಮೊದಲ ಸಲದ ಒಟ್ಟು ಖರ್ಚು ಹೀಗೆ ಬರುತ್ತದೆ. ತಂತಿ 100 ಗ್ರಾಂ, ಮೇಲೆ ಹಿಡಿದ ದರದಲ್ಲಿ ನೂರು ರೂಪಾಯಿ. ಸಾದಾ ಗಾಜಿನ ಮಣಿಯ ಒಂದು ಪೊಟ್ಟಣ, ನೂರರೊಳಗೆ. ಕಡ್ಡಿ ಮತ್ತು ಕ್ರೋಶಾಕ್ಕೆ ನೂರೈವತ್ತು. ಪ್ಲೇಯರಿಗೆ ಇನ್ನೂರು. ಐನೂರು ಐನೂರೈವತ್ತಕ್ಕೆ ಮುಗಿಯುತ್ತದೆ. ಅಷ್ಟು ತಂತಿಯಲ್ಲಿ ನಾಲ್ಕು ಲೋಟಕ್ಕೆ ಜಾಳಿಗೆ ಆಗುತ್ತದೆ. ಎರಡನೆಯ ಸಲದಿಂದ ಒಂದು ಲೋಟಕ್ಕೆ ಬೀಳುವ ಸಾಮಾನಿನ ಖರ್ಚು ಮೂವತ್ತು ನಲವತ್ತು ರೂಪಾಯಿ ಮಾತ್ರ. ಮಾರುವ ಯೋಚನೆ ಇದ್ದರೆ ಸಾಮಾನಿನ ಬೆಲೆ ನೋಡಿ ದರ ಇಡಬೇಡಿ. ನಾಲ್ಕೈದು ಗಂಟೆಯ ನಿಮ್ಮ ಕೂಲಿ ಅದರಲ್ಲಿ ಬರಲೇಬೇಕು. ನಲವತ್ತರ ಸಾಮಾನಿಗೆ ನೂರು ಬಂತಲ್ಲ ಎಂದು ಕೊಟ್ಟುಬಿಡುವ ಹೆಂಗಸರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಧೂಳು ಕೂರುವುದು ನಿಜ, ಇಲ್ಲಿನ ರಸ್ತೆಯ ಬದಿಯಲ್ಲಂತೂ ವಾರಕ್ಕೇ ಕೂರುತ್ತದೆ. ಹಳೆಯ ಮೆತ್ತನೆ ಬ್ರಷ್ಷಿನಿಂದ ಆಗಾಗ ಕೊಡವಿ. ಹಬ್ಬದ ಮುಂಚೆ ಜಾಳಿಗೆಯನ್ನು ಲೋಟದಿಂದ ಜಾರಿಸಿ ತೆಗೆದು, ಸೀಗೆಯ ಇಲ್ಲವೇ ಸೋಪಿನ ತಿಳಿನೀರಿನಲ್ಲಿ ಅದ್ದಿ, ಫ್ಯಾನಿನ ಕೆಳಗೆ ಒಣಗಿಸಿ. ಹುಣಸೆಹಣ್ಣು, ಪಾತ್ರೆಯ ಪುಡಿ ಹಚ್ಚಿ ತಿಕ್ಕಬೇಡಿ, ಲೇಪ ಹೋಗುತ್ತದೆ. ಕತ್ತರಿಸಿದ ತಂತಿಯ ಚೂರುಗಳನ್ನು ಕಸಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತವೆ. ಒಂದು ಮುಚ್ಚಳದ ಡಬ್ಬಿಯಲ್ಲಿ ಕೂಡಿಡಿ. ತಾಮ್ರವಾದ್ದರಿಂದ ಗುಜರಿಯವರು ಅದನ್ನೂ ತೂಗಿ ತಗೊಳ್ಳುತ್ತಾರೆ.